ವಾಷಿಂಗ್ಟನ್‌ನ ಮುನಿಸು, ಮಲ್ಲೇಶ್ವರದ ಸಾಲ

ಬಸವನಗುಡಿ, ಮಲ್ಲೇಶ್ವರ, ಚಾಮರಾಜಪೇಟೆಯವರಿಗೆ ಅಮೆರಿಕ ಪರದೇಶವಲ್ಲ, ಇನ್ನೊಂದು ಬಡಾವಣೆ. ‘ಮಗ ಡಲ್ಲಾಸ್‌ನಲ್ಲಿ, ಮಗಳು ನ್ಯೂಜೆರ್ಸಿಯಲ್ಲಿ’ ಎಂಬ ಮಾತು ಇಲ್ಲಿನ ಪಾರ್ಕುಗಳಲ್ಲಿ ಮಾಮೂಲು. ಹಾಗಾಗಿ 2025ರ ಸೆಪ್ಟೆಂಬರ್ 19ರಂದು ಅಧ್ಯಕ್ಷ ಟ್ರಂಪ್, ಹೊರದೇಶದಲ್ಲಿರುವವರಿಗಾಗಿ ಸಲ್ಲಿಸುವ ಹೊಸ ಎಚ್‌–1ಬಿ ವೀಸಾ ಅರ್ಜಿಗೆ 1 ಲಕ್ಷ ಡಾಲರ್ ಶುಲ್ಕ ವಿಧಿಸಿದಾಗ, ಆ ಸುದ್ದಿ ನೇರವಾಗಿ ನಮ್ಮ ಕೊನೆಯ ವರ್ಷದ ತರಗತಿಗೇ ಬಂದು ಬಿತ್ತು. ನಮ್ಮ ಲೆಕ್ಕದಲ್ಲಿ ಸುಮಾರು 88 ಲಕ್ಷ ರೂಪಾಯಿ!

ದೊಡ್ಡ ದೇಶದ ಸ್ನೇಹವಿದ್ದರೆ ಸಾಕು ಎಂಬ ನಂಬಿಕೆ ಆ ವರ್ಷ ಅಲುಗಾಡಿತು. ರಷ್ಯಾದ ತೈಲ ಕೊಳ್ಳುತ್ತೀರಿ ಎಂದು ಆಗಸ್ಟ್ 27ರಿಂದ ನಮ್ಮ ಸರಕಿನ ಮೇಲಿನ ಸುಂಕವನ್ನು ಅಮೆರಿಕ ಶೇ 50ಕ್ಕೆ ಏರಿಸಿತು. ನಮಗಿಂತ ಹೆಚ್ಚು ರಷ್ಯಾ ತೈಲ ಕೊಳ್ಳುವ ಚೀನಾಕ್ಕೆ ಆ ದಂಡ ಬೀಳಲಿಲ್ಲ. ಅಪರೂಪದ ಖನಿಜಗಳ ರಫ್ತು ತಡೆಯುವ ಶಕ್ತಿ ಎದುರಾಳಿಗಿತ್ತು. ಮಿತ್ರನ ಕೈ ಖಾಲಿಯಿತ್ತು.

ಬೆಂಗಳೂರಿಗೆ ಇದು ಹೊಸತಲ್ಲ. ಇಲ್ಲೇ ಕೇಂದ್ರ ಕಚೇರಿ ಇರುವ ಇಸ್ರೊ, ರಷ್ಯಾದಿಂದ ಕ್ರಯೋಜೆನಿಕ್ ಎಂಜಿನ್ ತಂತ್ರಜ್ಞಾನ ಪಡೆಯಲು ಹೊರಟಾಗ, 1992ರ ಮೇ ತಿಂಗಳಲ್ಲಿ ಅಮೆರಿಕ ನಿರ್ಬಂಧ ಹೇರಿತು. ಮರುವರ್ಷ ರಷ್ಯಾ ಹಿಂದೆ ಸರಿದು, ಎಂಜಿನ್ ಮಾತ್ರ ಕೊಡುತ್ತೇವೆ ಎಂದಿತು. ನಮ್ಮದೇ ಕ್ರಯೋಜೆನಿಕ್ ಎಂಜಿನ್‌ನೊಂದಿಗೆ ಜಿಎಸ್‌ಎಲ್‌ವಿ ಮೊದಲ ಸಲ ಗೆದ್ದಿದ್ದು 2014ರ ಜನವರಿ 5ರಂದು. ಆ ಸ್ವದೇಶಿ ತಂತ್ರಜ್ಞಾನದ ರಾಕೆಟ್ಟೇ 2025ರ ಜುಲೈ 30ರಂದು ನಾಸಾ–ಇಸ್ರೊ ಜಂಟಿ ಉಪಗ್ರಹ ‘ನಿಸಾರ್’ ಅನ್ನು ಹೊತ್ತೊಯ್ದಿತು. ತಮಾಷೆ ನೋಡಿ, ಭಾರತದ ಮೇಲೆ ಶೇ 25 ಸುಂಕವೆಂದು ಟ್ರಂಪ್ ಘೋಷಿಸಿದ್ದೂ ಅದೇ ದಿನ.

‘ನಿರ್ಬಂಧವೇ ವರವಾಯಿತು’ ಎಂದು ಭಾಷಣ ಮಾಡುವವರು ನಡುವಿನ 22 ವರ್ಷಗಳನ್ನು ಮರೆಯುತ್ತಾರೆ. ಸಂಸ್ಥೆ ಅಷ್ಟು ಕಾಲ ಕಾಯಬಲ್ಲದು. ಅಪ್ಪನ ಮನೆ ಅಡವಿಟ್ಟು ಎಂ.ಎಸ್.ಗೆ ಹೊರಟವರ ಸಾಲದ ಕಂತು ಕಾಯುತ್ತದೆಯೇ?

ಅಮೆರಿಕಕ್ಕೆ ಹೋಗಬೇಡಿ ಎನ್ನುತ್ತಿಲ್ಲ. ಅಲ್ಲೇ ಓದಿ ವೀಸಾ ಬದಲಿಸಿಕೊಳ್ಳುವವರಿಗೆ ಈ ಶುಲ್ಕವಿಲ್ಲ ಎಂದು ಅಕ್ಟೋಬರ್‌ನಲ್ಲಿ ಸ್ಪಷ್ಟನೆ ಬಂತು. ಅದು ನಾವು ಓದು ಮುಗಿಸುವವರೆಗೂ ಉಳಿಯುತ್ತದೆಂದು ಯಾರೂ ಬರೆದುಕೊಡುವುದಿಲ್ಲ. ಆದ್ದರಿಂದ ಸಾಲಕ್ಕೆ ಸಹಿ ಹಾಕುವ ಮುನ್ನ, ಬೆಂಗಳೂರಿನ ಸಂಬಳದಲ್ಲಿ ಅದನ್ನು ತೀರಿಸಲಾದೀತೇ ಎಂಬ ಲೆಕ್ಕವೊಂದನ್ನು ಮನೆಯವರೊಂದಿಗೆ ಕೂತು ಹಾಕಬೇಕು. ನನ್ನ ಸಹಪಾಠಿಗಳಲ್ಲಿ ಹಾಗೆ ಲೆಕ್ಕ ಹಾಕಿದ ಮೂವರ ಪೈಕಿ ಇಬ್ಬರು ಅರ್ಜಿ ಕಳಿಸಿದ್ದಾರೆ. ಒಬ್ಬಳು ಗೇಟ್ ಪರೀಕ್ಷೆಗೆ ಓದುತ್ತಿದ್ದಾಳೆ.