ಕೆರೆದು ಎಸೆದ ಟಿಕೆಟ್ಟಿನ ಋಣ

ಅಟ್ಲಾಂಟದ ಸುತ್ತಮುತ್ತ ಮನೆ ಮಾಡಿಕೊಂಡಿರುವ ಕನ್ನಡದ ಅಪ್ಪ ಅಮ್ಮಂದಿರೇ,

ಮಗಳಿಗೆ ಹೋಪ್ ಸ್ಕಾಲರ್‌ಶಿಪ್ ಬಂತು, ಮಗನಿಗೆ ಅದಕ್ಕೂ ಮೇಲಿನ ಜೆಲ್ ಮಿಲ್ಲರ್ ಸ್ಕಾಲರ್‌ಶಿಪ್ಪೇ ಬಂತು ಎಂದು ನಾವು ಸಿಹಿ ಹಂಚುತ್ತೇವೆ. ಮಕ್ಕಳು ಕಷ್ಟಪಟ್ಟು ಓದಿದ್ದಾರೆ, ಹಂಚಲೇಬೇಕು. ಆದರೆ ಆ ದುಡ್ಡು ಎಲ್ಲಿಂದ ಬಂತೆಂದು ಒಮ್ಮೆಯಾದರೂ ಅವರಿಗೆ ಹೇಳಿದ್ದೇವೆಯೇ?

ರಾತ್ರಿ ಹತ್ತರ ಹೊತ್ತಿಗೆ ಯಾವುದಾದರೂ ಗ್ಯಾಸ್ ಸ್ಟೇಷನ್ನಿನಲ್ಲಿ ಸ್ವಲ್ಪ ನಿಂತು ನೋಡಿ. ದುಡಿದು ಬಂದವರು ಸಮವಸ್ತ್ರದಲ್ಲೇ ಒಳಗೆ ಬರುತ್ತಾರೆ. ಹಾಲು, ಬ್ರೆಡ್ಡಿನ ಜೊತೆ ನಾಲ್ಕು ಲಾಟರಿ ಸ್ಕ್ರ್ಯಾಚ್ ಟಿಕೆಟ್ ಕೊಳ್ಳುತ್ತಾರೆ. ಅಲ್ಲೇ ನಾಣ್ಯದಿಂದ ಕೆರೆದು ನೋಡಿ, ಮಾತಾಡದೆ ಕಸದ ಬುಟ್ಟಿಗೆ ಹಾಕಿ ಹೋಗುತ್ತಾರೆ. ನಮ್ಮ ಮಕ್ಕಳ ಕಾಲೇಜಿನ ಬೋಧನಾ ಶುಲ್ಕ ಆ ಬುಟ್ಟಿಯಿಂದ ಬಂದದ್ದು.

1992ರ ನವೆಂಬರಿನಲ್ಲಿ ಜಾರ್ಜಿಯದ ಮತದಾರರು ಬಹಳ ಕಡಿಮೆ ಅಂತರದಲ್ಲಿ ಲಾಟರಿಗೆ ಒಪ್ಪಿಗೆ ಕೊಟ್ಟರು. 1993ರ ಜೂನಿನಲ್ಲಿ ಟಿಕೆಟ್ ಮಾರಾಟ ಶುರುವಾಯಿತು. ಬಂದ ಲಾಭವೆಲ್ಲ ಶಿಕ್ಷಣಕ್ಕೇ ಎಂದು ಗವರ್ನರ್ ಜೆಲ್ ಮಿಲ್ಲರ್ ಕೊಟ್ಟ ಮಾತು ಇಂದಿಗೂ ನಡೆಯುತ್ತಿದೆ. ನಾಲ್ಕು ವರ್ಷದ ಮಕ್ಕಳ ಉಚಿತ ಪ್ರೀ-ಕೆ ತರಗತಿ ನಡೆಯುವುದೂ ಇದೇ ಹಣದಲ್ಲಿ. ಅದು ನಿಜಕ್ಕೂ ದೊಡ್ಡ ಕೆಲಸ. ಆದರೆ ಟಿಕೆಟ್ ಮಾರಿ ಬಂದ ಹಣದಲ್ಲಿ ಸಾಧ್ಯವಾದಷ್ಟೂ ಶೇಕಡಾ 35 ಶಿಕ್ಷಣಕ್ಕೆ ಹೋಗಬೇಕೆಂದು ಕಾನೂನು ಹೇಳುತ್ತದೆ; ಈಚಿನ ವರ್ಷಗಳಲ್ಲಿ ಹೋಗುತ್ತಿರುವುದು ಕಾಲು ಭಾಗದ ಆಸುಪಾಸು. ಬಹುಮಾನ ಹೆಚ್ಚಿಸಿದರೆ ಟಿಕೆಟ್ ಹೆಚ್ಚು ಖರ್ಚಾಗುತ್ತದೆ, ಶಿಕ್ಷಣಕ್ಕೆ ಸಿಗುವ ಒಟ್ಟು ಮೊತ್ತವೂ ಏರುತ್ತದೆ ಎಂಬ ಸಮರ್ಥನೆ ಇದೆ. ಲೆಕ್ಕವೇನೋ ಸರಿ. ಟಿಕೆಟ್ ಹೆಚ್ಚು ಖರ್ಚಾಯಿತೆಂದರೆ ಕೆರೆದು ಕಳೆದುಕೊಂಡವರೂ ಹೆಚ್ಚಾದರು ಎನ್ನುವುದೂ ಅದೇ ಲೆಕ್ಕದೊಳಗಿದೆ.

ನನ್ನನ್ನು ಹೆಚ್ಚು ನೋಯಿಸುವುದು ಇನ್ನೊಂದು ಸಂಗತಿ. 1993ರಲ್ಲಿ ಹೋಪ್ ಸಿಗುತ್ತಿದ್ದುದು ವರ್ಷಕ್ಕೆ 66,000 ಡಾಲರ್ ಒಳಗೆ ಆದಾಯವಿದ್ದ ಮನೆಯ ಮಕ್ಕಳಿಗೆ ಮಾತ್ರ. ಆ ಮಿತಿಯನ್ನು 1995ರಲ್ಲಿ ತೆಗೆದುಹಾಕಿದರು. ಅಂದಿನಿಂದ ಎಂಜಿನಿಯರನ ಮಗಳಿಗೂ ಕಸ ಗುಡಿಸುವವನ ಮಗಳಿಗೂ ಅಂಕ ಒಂದೇ ಅಳತೆಗೋಲು. 2011ರಲ್ಲಿ ಹಣ ಸಾಲದೆ ಬಂದಾಗ ಹೋಪ್‌ಗೆ ಕತ್ತರಿ ಬಿತ್ತು, ಪುಸ್ತಕದ ಖರ್ಚು ಕೊಡುವುದು ನಿಂತಿತು. ಪೂರ್ತಿ ಬೋಧನಾ ಶುಲ್ಕ 3.7 ಸರಾಸರಿ ಅಂಕ (ಜಿಪಿಎ) ಬೇಡುವ ಜೆಲ್ ಮಿಲ್ಲರ್ ಸ್ಕಾಲರ್‌ಶಿಪ್ ಪಡೆದವರಿಗಷ್ಟೇ ಉಳಿಯಿತು. ಒಳ್ಳೆಯ ಶಾಲೆಯ ಪಕ್ಕದಲ್ಲೇ ಮನೆ ಕೊಂಡು, ಟ್ಯೂಷನ್‌ಗೆ ಕಳಿಸಿ, ಸಂಜೆ ಪಕ್ಕದಲ್ಲಿ ಕೂತು ಓದಿಸುವ ನಮ್ಮಂಥವರ ಮಕ್ಕಳಿಗೆ ಆ ಅಂಕ ಎಟುಕುತ್ತದೆ. ಶಾಲೆ ಬಿಟ್ಟೊಡನೆ ಹೋಟೆಲಿನಲ್ಲಿ ತಟ್ಟೆ ತೊಳೆಯುವ ಹುಡುಗನಿಗೆ? 2023ರಲ್ಲಿ ಹೋಪ್ ಮತ್ತೆ ಪೂರ್ತಿಯಾಯಿತು, ಸಂತೋಷ. ಅಷ್ಟರಲ್ಲಿ ಎಷ್ಟೋ ಮಕ್ಕಳು ಕೆಲವೇ ನೂರು ಡಾಲರ್ ಹೊಂದಿಸಲಾಗದೆ ಕಾಲೇಜು ಬಿಟ್ಟಿದ್ದರು. ಲಾಟರಿಯ ಮೀಸಲು ನಿಧಿಯಲ್ಲಿ ಆಗ ನೂರು ಕೋಟಿ ಡಾಲರಿಗೂ ಮಿಕ್ಕಿ ಹಣವಿತ್ತು.

ಒಂದಂಕಿ ಲಾಟರಿ ಊರೂರನ್ನು ತಿಂದದ್ದನ್ನು ಕಣ್ಣಾರೆ ಕಂಡ ನಾಡಿನಿಂದ ಬಂದವರು ನಾವು. ಸಂಜೆ ಫಲಿತಾಂಶದ ಬೋರ್ಡಿನ ಮುಂದೆ ನಿಂತು ಬರಿಗೈಯಲ್ಲಿ ಮನೆಗೆ ಹೋದವರು ನಮ್ಮ ಬೀದಿಯವರೇ ಆಗಿದ್ದರು. ಕರ್ನಾಟಕ 2007ರಲ್ಲಿ ಲಾಟರಿ ನಿಲ್ಲಿಸಿದಾಗ ಒಳ್ಳೆಯದಾಯಿತು ಎಂದವರೂ ನಾವೇ. ಇಲ್ಲಿ ಟಿಕೆಟ್ ಕೆರೆಯುವವರು ನಮ್ಮ ಬೀದಿಯವರಲ್ಲ, ಅದಕ್ಕೇ ಸುಮ್ಮನಿದ್ದೇವೆ.

ಸ್ಕಾಲರ್‌ಶಿಪ್ ಬಿಟ್ಟುಕೊಡಿ ಎಂದು ನಾನು ಕೇಳುತ್ತಿಲ್ಲ. ಆ ಋಣವನ್ನು ಒಪ್ಪಿಕೊಳ್ಳಿ ಎಂದಷ್ಟೇ ಬೇಡುತ್ತೇನೆ. 2022ರಲ್ಲಿ ರಾಜ್ಯ ಕೊಂಚ ಕಣ್ಣು ತೆರೆದು, ಓದಿನ ಕೊನೆಯ ಘಟ್ಟದಲ್ಲಿ ಹಣವಿಲ್ಲದೆ ನಿಂತವರಿಗೆ 2,500 ಡಾಲರ್‌ವರೆಗೆ ಕೊಡಲು ಒಪ್ಪಿತು. ಮೊದಲ ವರ್ಷದಲ್ಲೇ ಮುಗ್ಗರಿಸುವವರನ್ನು ಕೈ ಹಿಡಿಯುವವರು ಯಾರು? ಲಾಟರಿಯ ಹಣದಲ್ಲಿ ಮೊದಲ ಪಾಲು ಬಡ ಮನೆಯ ವಿದ್ಯಾರ್ಥಿಗೆ ಸಲ್ಲಲಿ ಎಂದು ನಿಮ್ಮ ಕ್ಷೇತ್ರದ ಶಾಸಕರಿಗೆ ಬರೆಯಿರಿ. ಸ್ಕಾಲರ್‌ಶಿಪ್ ಪಡೆದ ಮಗಳನ್ನೂ ಪಕ್ಕದಲ್ಲಿ ಕೂರಿಸಿಕೊಂಡು ಬರೆಯಿರಿ, ಅವಳ ಸಹಿಯೂ ಇರಲಿ. ಜಾರ್ಜಿಯದ ಶಾಸನಸಭೆ ಸೇರುವುದು ಜನವರಿಯ ಎರಡನೇ ಸೋಮವಾರ. ಪತ್ರ ಅದಕ್ಕೆ ಮೊದಲೇ ತಲುಪಬೇಕು.