ಯಾರ ಚಿತ್ತ?

‘ಚಿತ್ತ’ ಎಂಬ ಮಾತಿಗೆ ಕನ್ನಡದಲ್ಲಿ ಎರಡು ಬಗೆಯ ಬಳಕೆ ಉಂಟು. ಮನಸ್ಸು ಎಂಬ ಅರ್ಥದ್ದು ಒಂದು. ಇನ್ನೊಂದು ಅರಮನೆಯದು. ದೊರೆಯ ಅಪ್ಪಣೆಯಾದೊಡನೆ ಊಳಿಗದವನು ಕೈಮುಗಿದು, “ಚಿತ್ತ, ಮಹಾಸ್ವಾಮಿ” ಎಂದು ಹಿಂಜರಿದು ನಡೆಯುವುದನ್ನು ಕಂಪನಿ ನಾಟಕಗಳಲ್ಲಿ ಕಂಡವರು ಮರೆತಿರಲಾರರು. ಆ ಒಂದು ಮಾತಿನಲ್ಲಿ ಒಪ್ಪಿಗೆ ಎಷ್ಟಿತ್ತು, ಭಯ ಎಷ್ಟಿತ್ತು ಎಂಬುದು ಆಡಿದವನಿಗೇ ಗೊತ್ತು.

ಮಂಡ್ಯ, ಮದ್ದೂರು, ಮಳವಳ್ಳಿ ಸೀಮೆಯ ಕ್ರೈಸ್ತ ಬಂಧುಗಳ ಮನೆಗಳಲ್ಲಿ ಅದೇ ಮಾತು ಪ್ರಾರ್ಥನೆಯಾಗಿ ಕೇಳಿಬರುತ್ತದೆ. ಯೇಸು ತನ್ನ ಶಿಷ್ಯರಿಗೆ ಕಲಿಸಿಕೊಟ್ಟ ಪ್ರಾರ್ಥನೆಯಲ್ಲಿ ದೇವರ ಚಿತ್ತವು ಈ ಲೋಕದಲ್ಲಿಯೂ ನಡೆಯಲಿ ಎಂಬ ಬೇಡಿಕೆ ಮೊದಲು ಬರುತ್ತದೆ. ಅನ್ನದ ಬೇಡಿಕೆ ಅದರ ಅನಂತರ. ಆದರೆ ಆ ಪ್ರಾರ್ಥನೆ ‘ಮಹಾಸ್ವಾಮಿ’ ಎಂದು ಆರಂಭವಾಗುವುದಿಲ್ಲ, ‘ತಂದೆಯೇ’ ಎಂದು ಆರಂಭವಾಗುತ್ತದೆ. ಊಳಿಗದವನ ‘ಚಿತ್ತ’ಕ್ಕೂ ಮಗನ ‘ಚಿತ್ತ’ಕ್ಕೂ ಇರುವ ಅಂತರ ಅಲ್ಲಿಯೇ ತೋರುತ್ತದೆ.

ನಾಲಗೆಗೆ ಸುಲಭವಾದ ಈ ಮಾತು ಬಾಳಿಗೆ ಬಲು ಕಠಿನ. ಅದಕ್ಕೂ ಕಠಿನವಾದುದು ಇನ್ನೊಂದುಂಟು: ಬಂದೊದಗಿದ್ದೆಲ್ಲವೂ ದೇವರ ಚಿತ್ತವೆ? ವಿಶ್ವೇಶ್ವರಯ್ಯ ನಾಲೆಯ ಕೊನೆಭಾಗದಲ್ಲಿರುವ ಮಳವಳ್ಳಿಯ ರೈತನಿಗೆ ಈ ಪ್ರಶ್ನೆಯನ್ನು ಹೆಚ್ಚು ವಿವರಿಸಬೇಕಾಗಿಲ್ಲ. ಮಳೆ ಬಾರದೆ ಪೈರು ಒಣಗುವುದು ಒಂದು. ಮೇಲಿನವರು ತೂಬನ್ನು ತಮ್ಮ ಕಡೆಗೆ ತಿರುಗಿಸಿಕೊಂಡುದರಿಂದ ಒಣಗುವುದು ಮತ್ತೊಂದು. ಎರಡನ್ನೂ ದೇವರ ಚಿತ್ತವೆಂದು ಕರೆದು ಆ ರೈತನಿಗೆ ತಾಳ್ಮೆಯನ್ನು ಬೋಧಿಸುವವನು ಭಕ್ತನಲ್ಲ. ನೀರು ಕದ್ದವನ ವಕೀಲ. ತನ್ನ ಇಚ್ಛೆಯನ್ನು ತಾನು ಅರ್ಪಿಸಬಹುದು. ಪರರ ಇಚ್ಛೆಯನ್ನು ಅರ್ಪಿಸಲು ನಮಗೆ ಅಧಿಕಾರ ಕೊಟ್ಟವರು ಯಾರು?

ಗೆತ್ಸೇಮನೆ ತೋಟದ ಆ ರಾತ್ರಿಯನ್ನು ನೆನೆಯಬೇಕು. ಮರಣವನ್ನು ಎದುರಿನಲ್ಲಿ ಕಂಡ ಯೇಸು ಮೊದಲು ಮಾಡಿದ್ದು ಶರಣಾಗತಿಯನ್ನಲ್ಲ, ಬೇಡಿಕೆಯನ್ನು. ಈ ಪಾತ್ರೆ ತನ್ನಿಂದ ತೊಲಗಲಿ ಎಂದು ಬಾಯಿಬಿಟ್ಟು ಕೇಳಿಕೊಂಡನು. ಮೂರು ಸಲ ಪ್ರಾರ್ಥಿಸಿದನೆಂದು ಮತ್ತಾಯನ ಸುವಾರ್ತೆ ಹೇಳುತ್ತದೆ. ತನ್ನ ಮನಸ್ಸಿನಲ್ಲಿದ್ದುದನ್ನು ಬಚ್ಚಿಡದೆ ಹೇಳಿ, ಆಮೇಲೆ ತಂದೆಗೆ ಬಿಟ್ಟುಕೊಟ್ಟನು. ಮೇಲುಕೋಟೆಯ ಆಸುಪಾಸಿನಲ್ಲಿ ಪ್ರಪತ್ತಿಯ ಮಾತನ್ನು ಕೇಳಿ ಬೆಳೆದವರಿಗೆ ತಾಯನ್ನು ತಾನೇ ಅವಚಿ ಹಿಡಿಯುವ ಕೋತಿಮರಿಯ, ತಾಯಿ ಕಚ್ಚಿಕೊಂಡೊಯ್ಯುವ ಬೆಕ್ಕಿನ ಮರಿಯ ಉಪಮೆಗಳು ಪರಿಚಿತ. ಗೆತ್ಸೇಮನೆಯಲ್ಲಿ ಕಾಣುವವನು ಇವೆರಡೂ ಅಲ್ಲ. ತಂದೆಯೊಡನೆ ವಾದಿಸಬಲ್ಲ, ವಾದಿಸಿದ ಮೇಲೆ ಒಪ್ಪಬಲ್ಲ, ಪ್ರಾಯಕ್ಕೆ ಬಂದ ಮಗ.

ಇದಕ್ಕೆ ನಿದರ್ಶನವನ್ನು ದೂರದಲ್ಲಿ ಹುಡುಕಬೇಕಾಗಿಲ್ಲ. ಮದ್ದೂರು, ಮಂಡ್ಯಗಳನ್ನು ದಾಟಿ ಮೈಸೂರಿನ ದಾರಿ ಹಿಡಿದರೆ ಇದೇ ಜಿಲ್ಲೆಯ ಶ್ರೀರಂಗಪಟ್ಟಣ, ಅದರ ಪಕ್ಕದ ಗಂಜಾಂ. ಅಲ್ಲಿಯ ಹಳೆಯ ಚರ್ಚು ಅಬ್ಬೆ ದುಬ್ವಾ ಎಂಬ ಫ್ರೆಂಚ್ ಪಾದ್ರಿಯ ಹೆಸರಿನೊಡನೆ ಬೆರೆತುಹೋಗಿದೆ. 1792ರಲ್ಲಿ ಫ್ರಾನ್ಸಿನ ಮಹಾಕ್ರಾಂತಿಯ ಗಲಭೆಯ ನಡುವೆ ದೇಶ ಬಿಟ್ಟ ಅವರು, 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ, ಚೆದರಿಹೋಗಿದ್ದ ಕ್ರೈಸ್ತರನ್ನು ಮತ್ತೆ ಕೂಡಿಸಲು ಇಲ್ಲಿಗೆ ಬಂದರು. ಪೇಟ ಸುತ್ತಿ, ಈ ನಾಡಿನ ಉಡುಪು ತೊಟ್ಟು, ಇಲ್ಲಿಯವರ ಆಚಾರಕ್ಕೆ ಹೊಂದಿಕೊಂಡು ನಡೆದರು. ಜನ ಅವರನ್ನು ‘ದೊಡ್ಡ ಸ್ವಾಮಿ’ಯವರೆಂದು ಕರೆದರು. ಹಿಂದೂ ಆಚಾರಗಳನ್ನು ಕುರಿತ ಅವರ ಗ್ರಂಥದ ಇಂಗ್ಲಿಷ್ ಅನುವಾದ 1816ರಲ್ಲಿ ಪ್ರಕಟವಾಗಿ ಹೆಸರುವಾಸಿಯಾಯಿತು. ಅದರ ಬಹುಭಾಗ ಹಿಂದಿನ ಪಾದ್ರಿಯೊಬ್ಬರ ಬರಹದಿಂದ ಬಂದುದೆಂದು ಈಚಿನ ವಿದ್ವಾಂಸರು ತೋರಿಸಿದ್ದಾರೆ. ಆ ಜಗಳ ಇಲ್ಲಿ ಬೇಡ.

ಆಗ ಸಿಡುಬು ಊರೂರನ್ನೇ ಬರಿದುಮಾಡುತ್ತಿದ್ದ ಕಾಲ. ಬೇನೆಯನ್ನು ‘ಅಮ್ಮ’ನೆಂದು ಕರೆದು ಬೇವಿನ ಸೊಪ್ಪು ಕಟ್ಟಿ ಕಾಯುವುದು ಇಲ್ಲಿಯವರ ನಡೆ. ದಾಕು ಹಾಕಿದರೆ ದೈವದ ಕಾರ್ಯದಲ್ಲಿ ಕೈಹಾಕಿದಂತೆ ಎಂದು ಅಂಜುವವರು ಯೂರೋಪಿನಲ್ಲಿಯೂ ಇದ್ದರು. ದೇವರ ಚಿತ್ತ ನೆರವೇರಲಿ ಎಂದು ನಿತ್ಯವೂ ಜಪಿಸುತ್ತಿದ್ದ ಈ ಪಾದ್ರಿಗೆ, ಸಾಯುವ ಮಗುವಿನ ತಾಯಿಗೆ ಅದೇ ಮಾತನ್ನು ಹೇಳಿ ಕೈತೊಳೆದುಕೊಳ್ಳುವುದು ಕಷ್ಟವಾಗಿರಲಿಲ್ಲ. ಅವರು ಹಾಗೆ ಮಾಡಲಿಲ್ಲ. ಜೆನ್ನರನ ಶೋಧ ಹೊರಬಿದ್ದು ಹತ್ತು ವರ್ಷಗಳೂ ಆಗಿರಲಿಲ್ಲ. 1803–04ರಲ್ಲಿ ಅವರ ಮುತುವರ್ಜಿಯಿಂದ ದಾಕು ಹಾಕಿಸಿಕೊಂಡವರ ಲೆಕ್ಕ 25,432. ದೇವರ ಚಿತ್ತವನ್ನು ಊಹಿಸುತ್ತ ಕೂಡದೆ, ಕೈಯಲ್ಲಿದ್ದ ಮದ್ದನ್ನು ಹಂಚುವುದೇ ಆ ಚಿತ್ತವೆಂದು ತಿಳಿದಂತೆ ನಡೆದರು. ಬಡ ಕ್ರೈಸ್ತರಿಗಾಗಿ ಹಾಸನದ ಕಡೆಯಲ್ಲಿ ಬೇಸಾಯದ ನೆಲೆಗಳನ್ನೂ ಏರ್ಪಡಿಸಿದರು.

ಹಾಗಾದರೆ ಅವರು ತಮ್ಮ ಇಚ್ಛೆಯನ್ನು ಬಿಟ್ಟುಕೊಟ್ಟುದು ಎಲ್ಲಿ? ಬಂದುದು ಈ ನಾಡನ್ನು ಕ್ರಿಸ್ತನ ಕಡೆಗೆ ತಿರುಗಿಸಲು. ಅದು ಆಗಲಿಲ್ಲ. ಮೂವತ್ತೊಂದು ವರ್ಷಗಳ ದುಡಿಮೆಯ ಅನಂತರ 1823ರಲ್ಲಿ ಹಿಂದಿರುಗಿದರು. ಅದೇ ವರ್ಷ ಲಂಡನಿನಲ್ಲಿ ಅಚ್ಚಾದ ಪತ್ರಗಳಲ್ಲಿ, ಅಂದಿನ ಸ್ಥಿತಿಯಲ್ಲಿ ಹಿಂದೂಗಳ ಮತಾಂತರ ಮನುಷ್ಯ ಪ್ರಯತ್ನಕ್ಕೆ ಸಾಧ್ಯವಿಲ್ಲವೆಂದು ಬರೆದರು. ಇತರ ಮಿಷನರಿಗಳು ಕೆರಳಿ ಖಂಡನೆಯ ಗ್ರಂಥಗಳನ್ನೇ ಬರೆದರು. ತಮ್ಮ ಸೋಲನ್ನೇ ದೇವರ ನಿರ್ಣಯವೆಂದು ಎಣಿಸಿದರೆಂಬ ದೂರನ್ನು ಯಾರಾದರೂ ಹೊರಿಸಬಹುದು; ಅದು ಪೂರ್ತಿ ಸುಳ್ಳೆಂದು ನಾನೂ ಹೇಳಲಾರೆ. ಆದರೆ ಜೀವಮಾನದ ಆಸೆ ಫಲಿಸಲಿಲ್ಲವೆಂದು ಮುಚ್ಚುಮರೆಯಿಲ್ಲದೆ ಒಪ್ಪಿಕೊಳ್ಳಲು ಬೇಕಾದ ಎದೆಗಾರಿಕೆ ಖಂಡಿಸಿದವರಲ್ಲಿ ಎಷ್ಟು ಮಂದಿಗೆ ಇತ್ತು?

ಒಪ್ಪಿಕೊಂಡ ಮೇಲೆ ಅವರು ಮುನಿಸಿಕೊಂಡು ಮೂಲೆ ಸೇರಲಿಲ್ಲ. ಪ್ಯಾರಿಸಿನಲ್ಲಿ, ದೂರದೇಶಗಳಿಗೆ ಪಾದ್ರಿಗಳನ್ನು ತಯಾರುಮಾಡಿ ಕಳುಹಿಸುವ ಗುರುಮಠದಲ್ಲಿ ನಿರ್ದೇಶಕರಾಗಿ ನಿಂತರು. 1836ರಿಂದ ಮೂರು ವರ್ಷ ಅದರ ಮುಖ್ಯಸ್ಥರೂ ಆಗಿದ್ದರು. ತಮ್ಮಿಂದ ಆಗದುದೆಂದು ಬರೆದ ಕೆಲಸಕ್ಕೇ ಹೊರಟ ತರುಣರನ್ನು, 1848ರಲ್ಲಿ ಕಣ್ಣು ಮುಚ್ಚುವವರೆಗೆ, ಹಡಗು ಹತ್ತಿಸುತ್ತಲೇ ಇದ್ದರು.