ಬೇಡ ಎನ್ನುವ ಮೊದಲು ಮಗಳ ಇಂಟರ್ನ್‌ಶಿಪ್ ಏನೆಂದು ಕೇಳಿ

ಸೈಕಾಲಜಿ ಓದಿ ಎಂತ ಮಾಡ್ಲಿಕ್ಕುಂಟು? ಈ ಪ್ರಶ್ನೆ ಈಗ ನಮ್ಮ ಹಲವು ಮನೆಗಳಲ್ಲಿ ಕೇಳಿಬರುತ್ತಿದೆ. ಮಗಳು ಬಿ.ಎ. ಅಥವಾ ಬಿ.ಎಸ್ಸಿ.ಯಲ್ಲಿ ಆ ವಿಷಯ ತೆಗೆದುಕೊಂಡಿರುತ್ತಾಳೆ. ಎರಡನೇ ವರ್ಷ ಮುಗಿಯುವಾಗ, "ರಜೆಯಲ್ಲಿ ಎರಡು ತಿಂಗಳು ಇಂಟರ್ನ್‌ಶಿಪ್ ಮಾಡ್ತೇನೆ, ಮಕ್ಕಳ ಬೆಳವಣಿಗೆಯ ಬಗ್ಗೆ ಸಂಶೋಧನೆ" ಅಂತಾಳೆ. ಸಂಬಳ ಇಲ್ಲ, ಊರು ಬಿಟ್ಟು ಹೋಗಬೇಕು, ಮದುವೆಯ ಮಾತುಕತೆ ಬೇರೆ ನಡೀತಾ ಉಂಟು, ಇದೆಲ್ಲ ಯಾಕೆ ಅಂತ ಮನೆಯವರಿಗೆ ಅನಿಸುತ್ತದೆ. ಕೇಳುವುದು ತಂದೆ ತಾಯಿಯ ಹಕ್ಕು. ಆದರೆ ಬೇಡ ಎನ್ನುವ ಮೊದಲು ಅಲ್ಲಿ ನಡೆಯುವ ಕೆಲಸ ಏನು ಎಂದು ತಿಳಿದುಕೊಳ್ಳಬೇಕು.

ಮಾತು ಬಾರದ ಮಗುವಿಗೆ ಏನು ಅರ್ಥವಾಗುತ್ತದೆ ಎಂದು ತಿಳಿಯುವುದು ಹೇಗೆ? 1950ರ ದಶಕದ ಕೊನೆಯಲ್ಲಿ ಅಮೆರಿಕದ ರಾಬರ್ಟ್ ಫ್ಯಾಂಟ್ಜ್ ಎಂಬವರು ಒಂದು ಸರಳ ದಾರಿ ಹಿಡಿದರು. ಎರಡು ಚಿತ್ರ ತೋರಿಸಿ, ಶಿಶು ಯಾವುದನ್ನು ಎಷ್ಟು ಹೊತ್ತು ನೋಡುತ್ತದೆ ಎಂದು ಅಳೆದರು. 1985ರಲ್ಲಿ ರೆನೇ ಬೇಯಾರ್ಜಾನ್, ಎಲಿಜಬೆತ್ ಸ್ಪೆಲ್ಕಿ ಮತ್ತು ಸಂಗಡಿಗರು ಐದು ತಿಂಗಳ ಮಕ್ಕಳ ಮುಂದೆ ಒಂದು ಪೆಟ್ಟಿಗೆ ಇಟ್ಟು, ಅದನ್ನು ಮರೆಮಾಡುವ ಹಲಗೆಯನ್ನು ತಿರುಗಿಸಿದರು. ಪೆಟ್ಟಿಗೆ ಅಲ್ಲಿ ಇಲ್ಲವೇ ಇಲ್ಲ ಎಂಬಂತೆ ಹಲಗೆ ಪೂರ್ತಿ ಹಿಂದಕ್ಕೆ ಬಿದ್ದಾಗ ಮಕ್ಕಳು ಹೆಚ್ಚು ಹೊತ್ತು ಅದನ್ನೇ ನೋಡಿದರು. ಕಣ್ಣಿಗೆ ಕಾಣದಿದ್ದರೂ ವಸ್ತು ಅಲ್ಲೇ ಇರುತ್ತದೆ ಎಂಬ ತಿಳಿವಳಿಕೆ, ದೊಡ್ಡವರು ಅಂದುಕೊಂಡದ್ದಕ್ಕಿಂತ ಬೇಗ ಬರುತ್ತದೆ ಎಂದು ಇದರಿಂದ ಅವರು ವಾದಿಸಿದರು.

ಇಂಥ ಕೆಲಸ ಈಗಲೂ ನಡೆಯುತ್ತಿದೆ. ಹಾರ್ವರ್ಡ್‌ನಂಥ ವಿಶ್ವವಿದ್ಯಾಲಯಗಳಲ್ಲಿ ಶಿಶು ಪ್ರಯೋಗಾಲಯಗಳಿವೆ. ಅಲ್ಲಿ ಬೇಸಿಗೆ ಅಂದರೆ ಜೂನ್‌ನಿಂದ ಆಗಸ್ಟ್. ಆ ಸಮಯದಲ್ಲಿ ಎಂಟು-ಹತ್ತು ವಾರಕ್ಕೆ ಡಿಗ್ರಿ ವಿದ್ಯಾರ್ಥಿಗಳನ್ನು ಸೇರಿಸಿಕೊಳ್ಳುತ್ತಾರೆ. ಕೆಲಸ ಕೇಳಿದರೆ ಸಣ್ಣದು ಅನಿಸಬಹುದು. ಪೋಷಕರಿಗೆ ಫೋನ್ ಮಾಡಿ ದಿನ ಗೊತ್ತು ಮಾಡುವುದು, ಬಂದ ತಾಯಿಗೆ ಎಲ್ಲವನ್ನೂ ವಿವರಿಸಿ ಒಪ್ಪಿಗೆ ಪತ್ರ ಪಡೆಯುವುದು, ಜೊತೆಗೆ ಬಂದ ಅಣ್ಣನನ್ನೋ ಅಕ್ಕನನ್ನೋ ಆಡಿಸುವುದು, ಮತ್ತೆ ವಿಡಿಯೋ ಹಾಕಿಕೊಂಡು ಮಗು ಎಲ್ಲಿ ಎಷ್ಟು ಸೆಕೆಂಡ್ ನೋಡಿತು ಎಂದು ಬರೆಯುವುದು. ವಾರವಾರ ಒಂದು ಸಂಶೋಧನಾ ಲೇಖನ ಓದಿ ಚರ್ಚೆ ಮಾಡುವುದೂ ಉಂಟು. ಮಗುವನ್ನು ಕಂಡು "ಹಠಮಾರಿ" ಎಂದು ಬರೆದರೆ ಅಲ್ಲಿ ನಡೆಯುವುದಿಲ್ಲ. ಮಗು ಏನು ಮಾಡಿತು, ಎಷ್ಟು ಸಲ ಮಾಡಿತು ಎಂದು ಬರೆಯಬೇಕು. ತಾಳ್ಮೆಯಿಂದ ನೋಡುವ ಈ ಶಿಸ್ತು ಪುಸ್ತಕ ಓದಿ ಬರುವುದಿಲ್ಲ.

ಅಮೆರಿಕದ ಮಗು ಎಲ್ಲಿ ನೋಡಿದರೆ ನಮಗೇನು ಅಂತ ಕೇಳಬಹುದು. ನಾವು ಚಿಂತಿಸಬೇಕಾದ ವಿಷಯ ಇರುವುದೇ ಅಲ್ಲಿ. ಮಕ್ಕಳ ಬೆಳವಣಿಗೆಯ ಮುಖ್ಯ ಸಂಶೋಧನಾ ಪತ್ರಿಕೆಗಳಲ್ಲಿ ಯಾವ ದೇಶದ ಮಕ್ಕಳನ್ನು ಅಧ್ಯಯನ ಮಾಡಿದ್ದಾರೆ ಎಂದು ಕೆಲವು ವಿದ್ವಾಂಸರು ಲೆಕ್ಕ ಹಾಕಿ 2017ರಲ್ಲಿ ಪ್ರಕಟಿಸಿದರು. ಏಷ್ಯಾ, ಆಫ್ರಿಕಾ, ಮಧ್ಯಪ್ರಾಚ್ಯ, ಮಧ್ಯ ಮತ್ತು ದಕ್ಷಿಣ ಅಮೆರಿಕ ಎಲ್ಲವೂ ಸೇರಿ ಶೇ. 3ಕ್ಕಿಂತ ಕಡಿಮೆ. ಲೋಕದ ಹೆಚ್ಚಿನ ಮಕ್ಕಳು ಹುಟ್ಟಿ ಬೆಳೆಯುವುದು ಈ ನಾಡುಗಳಲ್ಲೇ. ಅಂದರೆ, ಮಗು ಇಷ್ಟು ವಯಸ್ಸಿಗೆ ಇಷ್ಟು ಮಾಡಬೇಕು ಎಂಬ ಅಳತೆಗೋಲು ತಯಾರಾಗುವಾಗ ನಮ್ಮ ಮಕ್ಕಳನ್ನು ನೋಡಿದವರು ಬಹಳ ಕಡಿಮೆ.

ನಮ್ಮ ಮನೆಯ ಮಗುವನ್ನೇ ತೆಗೆದುಕೊಳ್ಳಿ. ಉಮ್ಮನ ಹತ್ತಿರ ಬ್ಯಾರಿ ಭಾಷೆ, ಬೀದಿಯಲ್ಲಿ ತುಳು, ಶಾಲೆಯಲ್ಲಿ ಕನ್ನಡ ಅಥವಾ ಇಂಗ್ಲಿಷ್, ಮದ್ರಸದಲ್ಲಿ ಅರಬಿ ಅಕ್ಷರ. ಹಲವು ಭಾಷೆ ಕೇಳಿ ಬೆಳೆಯುವುದರಿಂದ ಮಾತಿನ ತೊಂದರೆ ಬರುವುದಿಲ್ಲ ಎಂಬುದು ಸಂಶೋಧನೆಯಿಂದ ಗೊತ್ತಾದ ವಿಷಯ. ಆದರೆ ಆ ಮಗುವಿಗೆ ಗೊತ್ತಿರುವ ಶಬ್ದಗಳನ್ನು ಒಂದೇ ಭಾಷೆಯಲ್ಲಿ ಎಣಿಸಿದರೆ ಲೆಕ್ಕ ಕಡಿಮೆಯೇ ಬರುತ್ತದೆ. ಸರಿಯಾಗಿರುವ ಮಗುವನ್ನು "ಹಿಂದೆ ಉಳಿದಿದೆ" ಅನ್ನುವ ಅಪಾಯ ಒಂದು ಕಡೆ. ನಿಜವಾಗಿ ತೊಂದರೆ ಇರುವ ಮಗುವನ್ನು "ಭಾಷೆ ಜಾಸ್ತಿ ಆಯ್ತು, ತನ್ನಿಂತಾನೇ ಸರಿಯಾಗ್ತದೆ" ಎಂದು ಎರಡು ಮೂರು ವರ್ಷ ಕಾಯಿಸುವ ಅಪಾಯ ಇನ್ನೊಂದು ಕಡೆ. ಮದ್ರಸದಲ್ಲಿ ಅಕ್ಷರ ಹಿಡಿಯಲು ಕಷ್ಟಪಡುವ ಮಕ್ಕಳು ನಮ್ಮ ಮುಂದೆಯೇ ಕೂರುತ್ತಾರೆ. ಕಿವಿ ಮಂದವೋ, ಓದುವುದರಲ್ಲೇ ತೊಡಕೋ, ಮನಸ್ಸಿಗೆ ಬೇಸರವೋ, ನೋಡಿ ಹೇಳಬಲ್ಲವರು ನಮ್ಮೊಳಗೆ ಎಷ್ಟು ಮಂದಿ ಇದ್ದಾರೆ? ಬ್ಯಾರಿ ಭಾಷೆಯಲ್ಲೇ ಮಗುವನ್ನು ಮಾತಾಡಿಸಿ ನೋಡಬಲ್ಲವರು ನಮ್ಮ ಮನೆಗಳಿಂದಲೇ ಬರಬೇಕು.

ಇಂಥ ಕೆಲಸ ನಮ್ಮ ನಾಡಿಗೆ ಹೊಸತಲ್ಲ. ಬುದ್ಧಿಮಟ್ಟ ಅಳೆಯುವ ಬಿನೆ ಪರೀಕ್ಷೆಯನ್ನು ವಿ.ವಿ. ಕಾಮತ್ ಅವರು ಕನ್ನಡ ಮತ್ತು ಮರಾಠಿ ಮಾತಾಡುವ ಮಕ್ಕಳಿಗೆ ಹೊಂದಿಸಿ 1934ರಲ್ಲಿ ಪ್ರಕಟಿಸಿದರು. ಬಿನೆ-ಕಾಮತ್ ಪರೀಕ್ಷೆ ಎಂದು ಅದು ದಶಕಗಳ ಕಾಲ ದೇಶದಲ್ಲಿ ಬಳಕೆಯಲ್ಲಿ ಇತ್ತು. ಮೈಸೂರಿನ ಹೋಲ್ಡ್ಸ್‌ವರ್ತ್ ಆಸ್ಪತ್ರೆಯಲ್ಲಿ 1997-98ರಲ್ಲಿ ಗರ್ಭಿಣಿಯರಾಗಿದ್ದ ತಾಯಂದಿರ ಮಕ್ಕಳನ್ನು ವರ್ಷಗಟ್ಟಲೆ ಹಿಂಬಾಲಿಸಿ, ಒಂಬತ್ತು-ಹತ್ತನೇ ವಯಸ್ಸಿನಲ್ಲಿ ಅವರ ನೆನಪಿನ ಶಕ್ತಿ, ಕಲಿಕೆಯ ಶಕ್ತಿಯನ್ನು ಪರೀಕ್ಷಿಸಿದರು. ಮೈಸೂರಿನಲ್ಲೇ 1965ರಿಂದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ, ಬೆಂಗಳೂರಿನಲ್ಲಿ ನಿಮ್ಹಾನ್ಸ್ ಇದೆ. ಮಕ್ಕಳಲ್ಲಿ ಬೆಳವಣಿಗೆಯ ವಿಳಂಬವನ್ನು ಬೇಗ ಗುರುತಿಸುವುದು 2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ಭಾಗವೂ ಹೌದು. ಈ ವಿದ್ಯೆ ಕಲಿತವರಿಗೆ ಕೆಲಸ ಉಂಟು.

ಹಾಗಂತ ಇಂಟರ್ನ್‌ಶಿಪ್ ಎಂಬ ಹೆಸರು ಇದ್ದದ್ದಕ್ಕೆಲ್ಲ ಒಪ್ಪಬೇಕೆಂದಿಲ್ಲ. ಹಣ ಕಟ್ಟಿಸಿಕೊಂಡು, ನಾಲ್ಕು ಆನ್‌ಲೈನ್ ಕ್ಲಾಸ್ ಕೇಳಿಸಿ ಸರ್ಟಿಫಿಕೇಟ್ ಕೊಡುವವರೂ ಇದ್ದಾರೆ. ಪೋಷಕರು ಕೆಲವು ವಿಷಯ ಕೇಳಿ ತಿಳಿದುಕೊಳ್ಳಲಿ. ಮಾರ್ಗದರ್ಶಕರು ಯಾರು, ಅವರ ಸಂಶೋಧನೆ ಯಾವುದು? ನೈತಿಕ ಸಮಿತಿಯ ಅನುಮತಿ ಇದೆಯೇ? ಮಕ್ಕಳ ಪೋಷಕರಿಂದ ಲಿಖಿತ ಒಪ್ಪಿಗೆ ಪಡೆಯುತ್ತಾರೆಯೇ? ನಮ್ಮ ಮಗಳಿಗೆ ದಿನಕ್ಕೆ ಎಷ್ಟು ಗಂಟೆ ಕೆಲಸ, ಉಳಿಯುವುದು ಎಲ್ಲಿ? ಇದಕ್ಕೆ ಉತ್ತರ ಕೊಡಲು ತಡವರಿಸುವ ಕಡೆ ಕಳಿಸುವುದು ಬೇಡ. ವಿದೇಶದ ಅವಕಾಶದ ಬಗ್ಗೆಯೂ ಒಂದು ಮಾತು. ಅಮೆರಿಕದ ನ್ಯಾಷನಲ್ ಸೈನ್ಸ್ ಫೌಂಡೇಶನ್ ಹಣ ಕೊಡುವ ಡಿಗ್ರಿ ವಿದ್ಯಾರ್ಥಿಗಳ ಬೇಸಿಗೆ ಯೋಜನೆ ಅಲ್ಲಿನ ಪೌರರಿಗೆ ಮತ್ತು ಕಾಯಂ ನಿವಾಸಿಗಳಿಗೆ ಮಾತ್ರ. ಇಲ್ಲಿಂದ ಹೋಗುವವರು ಖರ್ಚಿನ ಲೆಕ್ಕ ಮೊದಲೇ ಹಾಕಬೇಕು.

ಮೊದಲ ಹೆಜ್ಜೆ ಹತ್ತಿರದಲ್ಲೇ ಇಡಬಹುದು. ತನ್ನ ಕಾಲೇಜಿನ ಅಧ್ಯಾಪಕರ ಅಧ್ಯಯನದಲ್ಲಿ ಸಹಾಯ ಮಾಡುವುದು, ಅನುಮತಿ ಪಡೆದು ಅಂಗನವಾಡಿಯಲ್ಲಿ ಮಕ್ಕಳನ್ನು ಗಮನಿಸಿ ಬರೆಯುವುದು, ಮತ್ತೆ ಮೈಸೂರು, ಬೆಂಗಳೂರಿನ ಸಂಶೋಧಕರಿಗೆ ಪತ್ರ ಬರೆದು ಅವಕಾಶ ಇದೆಯೇ ಎಂದು ಕೇಳುವುದು. ರಜೆ ಶುರುವಾದ ಮೇಲೆ ಬರೆದರೆ ಪ್ರಯೋಜನ ಇಲ್ಲ, ನಾಲ್ಕೈದು ತಿಂಗಳು ಮೊದಲೇ ಬರೆಯಬೇಕು.

ಮಕ್ಕಳಿಗೂ ಒಂದು ಕಿವಿಮಾತು. ಎರಡು ತಿಂಗಳ ಇಂಟರ್ನ್‌ಶಿಪ್ ಮಾಡಿದ ಮಾತ್ರಕ್ಕೆ ಯಾರೂ ಮನಶ್ಶಾಸ್ತ್ರಜ್ಞರಾಗುವುದಿಲ್ಲ. ಕ್ಲಿನಿಕಲ್ ಸೈಕಾಲಜಿಸ್ಟ್ ಆಗಿ ಕೆಲಸ ಮಾಡಲು ಮುಂದಿನ ಓದು ಮತ್ತು ಭಾರತೀಯ ಪುನರ್ವಸತಿ ಪರಿಷತ್ತಿನ ನೋಂದಣಿ ಬೇಕು. ಅಲ್ಲಿಯವರೆಗೆ ನೆರೆಮನೆಯ ಮಗುವನ್ನು ಕಂಡು "ಇದು ಆಟಿಸಂ" ಎಂದು ಹೇಳಿಬಿಡಬಾರದು. ಸಂಶಯ ಬಂದರೆ ವೈದ್ಯರಲ್ಲಿ ತೋರಿಸಿ ಎನ್ನಬೇಕು, ಅಷ್ಟೇ.

ನಮ್ಮ ಜಮಾಅತ್‌ಗಳು, ಸಂಘಟನೆಗಳು ವರ್ಷವೂ ವಿದ್ಯಾರ್ಥಿವೇತನ ಕೊಡುತ್ತವೆ. ಹೆಚ್ಚಾಗಿ ಅದು ಕಾಲೇಜು ಫೀಸಿಗೆ ಹೋಗುತ್ತದೆ. ಸಂಬಳ ಇಲ್ಲದ ಇಂಟರ್ನ್‌ಶಿಪ್ ಮಾಡಲು ಸಾಧ್ಯವಾಗುವುದು ಉಳ್ಳವರ ಮಕ್ಕಳಿಗೆ ಮಾತ್ರ, ಏಕೆಂದರೆ ಬಸ್ಸಿಗೂ ಹಾಸ್ಟೆಲಿಗೂ ದುಡ್ಡು ಬೇಕು. ಊರಿನ ಒಬ್ಬ ವಿದ್ಯಾರ್ಥಿನಿಗೆ ಎರಡು ತಿಂಗಳ ಆ ಖರ್ಚು ಕೊಡುವುದು ಯಾವ ಜಮಾಅತ್‌ಗೂ ದೊಡ್ಡ ಭಾರವಲ್ಲ. ಬರುವ ವರ್ಷದ ಪಟ್ಟಿಯಲ್ಲಿ ಇದಕ್ಕೂ ಒಂದು ಜಾಗ ಇರಲಿ ಎಂದು ಕೇಳಿಕೊಳ್ಳುತ್ತೇವೆ.